1984ರ ಅಲ್ಯೂಮಿನಿಯಂ ಸ್ಕೂಬಾ ಸಿಲಿಂಡರಿಗೆ ಮತ್ತೆ ಗಾಳಿ ತುಂಬಿಸಬಹುದೇ?

ಪ್ರಶ್ನೆ: ನಮ್ಮ ಸೋದರಮಾವ ಬಹ್ರೇನಿನಲ್ಲಿ ಹಡಗು ರಿಪೇರಿ ಕೆಲಸದಲ್ಲಿದ್ದರು. ಊರಿಗೆ ಬರುವಾಗ ಸಾಮಾನಿನ ಜೊತೆ ತಂದ ಎರಡು ಅಲ್ಯೂಮಿನಿಯಂ ಸ್ಕೂಬಾ ಸಿಲಿಂಡರುಗಳು ಬಸವನಗುಡಿಯ ನಮ್ಮ ಮನೆಯ ಅಟ್ಟದಲ್ಲಿವೆ. ಎರಡರ ಮೇಲೂ ಲಕ್ಸ್‌ಫರ್, ಡಿಒಟಿ-3ಎಎಲ್3000 ಎಂದು ಅಚ್ಚೊತ್ತಿದೆ. ಒಂದರಲ್ಲಿ 6-84 ಅಂತಲೂ ಇನ್ನೊಂದರಲ್ಲಿ 3-91 ಅಂತಲೂ ಇದೆ. ಹಳೆಯದರಲ್ಲಿ ಇನ್ನೂ ಗಾಳಿ ಇದ್ದ ಹಾಗಿದೆ. ನಾನು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕೋರ್ಸ್ ಮುಗಿಸಿದ್ದೇನೆ. ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ) ಮಾಡಿಸಿದರೆ ಇವನ್ನು ಬಳಸಬಹುದೇ? ಎಲ್ಲಿ ತುಂಬಿಸಬೇಕು? ಪೀಣ್ಯದಲ್ಲಿ ವರ್ಕ್‌ಶಾಪ್ ಇರುವ ಗೆಳೆಯನೊಬ್ಬ ಪಾಲಿಶ್ ಹೊಡೆದು ಪೌಡರ್ ಕೋಟಿಂಗ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾನೆ.

ಉತ್ತರ: 1984ರ ಸಿಲಿಂಡರಿಗೆ ಇನ್ನು ಗಾಳಿ ತುಂಬಿಸಬೇಡಿ. ಹೈಡ್ರೋ ಟೆಸ್ಟಿನಲ್ಲಿ ಪಾಸಾದರೂ ಬೇಡ, ಯಾರಾದರೂ ‘ಅರ್ಧ ಮಾತ್ರ ತುಂಬಿಕೊಡ್ತೀನಿ ಸಾರ್’ ಅಂದರೂ ಬೇಡ. 1991ರದ್ದು ಬೇರೆ ಲೋಹದ್ದು. ಅದಕ್ಕೆ ಇನ್ನೂ ಆಯಸ್ಸು ಇರಬಹುದು, ಆದರೆ ಪರೀಕ್ಷೆ ಮತ್ತು ಕಾಗದಪತ್ರ ಎರಡೂ ಆದ ಮೇಲಷ್ಟೇ. ಪೌಡರ್ ಕೋಟಿಂಗ್ ವಿಚಾರವನ್ನು ಮಾತ್ರ ಇವತ್ತೇ ಗೆಳೆಯನಿಗೆ ಫೋನ್ ಮಾಡಿ ನಿಲ್ಲಿಸಿ.

ಸಿಲಿಂಡರಿನ ಪೂರ್ವೋತ್ತರವೆಲ್ಲ ಅದರ ಭುಜದ ಮೇಲೆ, ಅಂದರೆ ಕತ್ತಿನ ಕೆಳಗಿನ ಇಳಿಜಾರಿನ ಮೇಲೆ, ಬರೆದಿರುತ್ತದೆ. ಡಿಒಟಿ ಎಂದರೆ ಅಮೆರಿಕದ ಸಾರಿಗೆ ಇಲಾಖೆ. 3ಎಎಲ್ ಎನ್ನುವುದು ಬೆಸುಗೆಯಿಲ್ಲದ ಅಲ್ಯೂಮಿನಿಯಂ ಸಿಲಿಂಡರಿಗೆ ಆ ಇಲಾಖೆ ಇಟ್ಟ ಮಾನದಂಡದ ಹೆಸರು. 3000 ಅಂದರೆ ತುಂಬಬಹುದಾದ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. ನಮ್ಮ ಗೇಜುಗಳಲ್ಲಿ ಸುಮಾರು 207 ಬಾರ್. ತಿಂಗಳು ಮತ್ತು ವರ್ಷ ಅದರ ಮೊದಲ ಪರೀಕ್ಷೆಯ ಕಾಲ. ಇಲ್ಲಿ ನಮ್ಮವರು ಎಡವುವುದುಂಟು. ಅಡುಗೆ ಗ್ಯಾಸ್ ಸಿಲಿಂಡರಿನ ಹಿಡಿಯ ಪಟ್ಟಿಯಲ್ಲಿ ಬರೆದಿರುವುದು ಮುಂದಿನ ಪರೀಕ್ಷೆ ಯಾವಾಗ ಎಂದು. ಸ್ಕೂಬಾ ಸಿಲಿಂಡರಿನಲ್ಲಿ ಒತ್ತಿರುವುದು ಪರೀಕ್ಷೆ ಯಾವಾಗ ಆಯಿತು ಎಂದು. ಪ್ರತಿ ಸಲ ಹೈಡ್ರೋ ಟೆಸ್ಟ್ ಆದಾಗಲೂ ಹೊಸ ತಾರೀಖು ಸೇರುತ್ತದೆ. ನಿಮ್ಮ ಸಿಲಿಂಡರುಗಳ ಮೇಲೆ ಒಂದೊಂದೇ ತಾರೀಖು ಇದ್ದರೆ ಹುಟ್ಟಿದಂದಿನಿಂದ ಅವುಗಳಿಗೆ ಮರುಪರೀಕ್ಷೆ ಆಗಿಯೇ ಇಲ್ಲ ಎಂದರ್ಥ. ಕೆಲವು ಸ್ಟೀಲ್ ಸಿಲಿಂಡರುಗಳಲ್ಲಿ ತಾರೀಖಿನ ಪಕ್ಕ ಒಂದು ಪ್ಲಸ್ ಗುರುತು ಇರುತ್ತದೆ. ಅಂಥವನ್ನು ಬರೆದ ಒತ್ತಡಕ್ಕಿಂತ ಶೇ. 10ರಷ್ಟು ಹೆಚ್ಚು ತುಂಬಲು ಅನುಮತಿ ಉಂಟು. ಅಲ್ಯೂಮಿನಿಯಂಗೆ ಆ ರಿಯಾಯಿತಿ ಇಲ್ಲ.

ಈಗ ಲೋಹದ ವಿಷಯ. ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1988ರ ಮಧ್ಯದವರೆಗೂ 6351 ಎಂಬ ಮಿಶ್ರಲೋಹದಲ್ಲಿ ಸ್ಕೂಬಾ ಸಿಲಿಂಡರ್ ಮಾಡುತ್ತಿತ್ತು. ಆಮೇಲೆ 6061ಕ್ಕೆ ಬದಲಾಯಿತು. ವಾಲ್ಟರ್ ಕಿಡ್ಡೆ ಕಂಪನಿ 1989ರ ಕೊನೆಯ ತನಕವೂ 6351ನ್ನೇ ಬಳಸಿತು. ಕ್ಯಾಟಲೀನಾ ಕಂಪನಿಯ ಸ್ಕೂಬಾ ಸಿಲಿಂಡರುಗಳು ಮೊದಲಿನಿಂದಲೂ 6061. ಇಂಗ್ಲೆಂಡಿನ ಲಕ್ಸ್‌ಫರ್ ಕಾರ್ಖಾನೆ ಮಾತ್ರ ಹಳೆಯ ಲೋಹವನ್ನು 1995ರವರೆಗೂ ಬಿಟ್ಟಿರಲಿಲ್ಲ. ಗಲ್ಫ್ ದೇಶಗಳಿಂದ ಬಂದ ಮಾಲಿನಲ್ಲಿ ಬ್ರಿಟಿಷ್ ಸಿಲಿಂಡರುಗಳೂ ಇರುವುದರಿಂದ ಇದನ್ನು ಹೇಳಲೇಬೇಕು. ಡಿಒಟಿ ಮುದ್ರೆಯಿಲ್ಲದೆ ಬಾರ್ ಲೆಕ್ಕದಲ್ಲಿ ಒತ್ತಡ ಬರೆದ ಸಿಲಿಂಡರ್ ನಿಮ್ಮ ಕೈಗೆ ಸಿಕ್ಕರೆ 1988ರ ಗಡಿಯನ್ನು ನೆಚ್ಚಿಕೊಳ್ಳಬೇಡಿ.

6351ರಲ್ಲಿ ಏನು ತೊಂದರೆ? ಈ ಲೋಹ ವರ್ಷಾನುಗಟ್ಟಲೆ ಒತ್ತಡದಲ್ಲಿದ್ದಾಗ, ಬಿಸಿಯಿಲ್ಲದೆ, ಹೊಡೆತವಿಲ್ಲದೆ, ಉಪ್ಪುನೀರೂ ಇಲ್ಲದೆ ಒಳಗಿಂದ ಮೆಲ್ಲಗೆ ಬಿರುಕು ಬಿಡಬಲ್ಲದು. ಬಿರುಕು ಹುಟ್ಟುವ ಜಾಗ ಕತ್ತು: ವಾಲ್ವ್ ಕೂರುವ ಥ್ರೆಡ್ಡುಗಳು ಮತ್ತು ಅವುಗಳ ಕೆಳಗಿನ ಒಳಭುಜ. ಲೋಹದ ಕಣಗಳ ಅಂಚುಗಳನ್ನು ಹಿಡಿದು ಅದು ಮೇಲಕ್ಕೂ ಹೊರಕ್ಕೂ ಹಬ್ಬುತ್ತದೆ. ಲೋಹದಲ್ಲಿ ಸೀಸದ ಅಂಶ ಸ್ವಲ್ಪ ಹೆಚ್ಚಿದ್ದರೆ ಇನ್ನೂ ಸಲೀಸಾಗಿ ಹಬ್ಬುತ್ತದೆ. ಹೆಚ್ಚಿನ ಸಿಲಿಂಡರುಗಳಲ್ಲಿ ಮೊದಲು ಕತ್ತಿನ ಬಳಿ ಗಾಳಿ ಸೋರಿ ಮುನ್ಸೂಚನೆ ಸಿಗುತ್ತದೆ. ಕೆಲವು ಆ ಮುನ್ಸೂಚನೆಯನ್ನೂ ಕೊಡದೆ, ಗಾಳಿ ತುಂಬುತ್ತಿರುವಾಗಲೇ ಸಿಡಿದಿವೆ. ತುಂಬುತ್ತಿದ್ದವರಿಗೆ ಭಾರೀ ಗಾಯಗಳಾಗಿವೆ. 6351ರ ಸಿಲಿಂಡರುಗಳೆಲ್ಲ ಬಿರುಕು ಬಿಡುತ್ತವೆ ಎಂದಲ್ಲ, ಬಹುಪಾಲು ಬಿಡುವುದಿಲ್ಲ. ಆದರೆ ನಿಮ್ಮದು ಯಾವ ಗುಂಪಿನದು ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಹೈಡ್ರೋ ಟೆಸ್ಟ್ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ಆ ಪರೀಕ್ಷೆಯಲ್ಲಿ ಸಿಲಿಂಡರಿಗೆ ನೀರು ತುಂಬಿ, ನೀರಿನ ಜಾಕೆಟ್ಟಿನೊಳಗಿಟ್ಟು, ಕೆಲಸದ ಒತ್ತಡದ ಮೂರನೇ ಐದರಷ್ಟು, ಅಂದರೆ 3000ದ ಸಿಲಿಂಡರಿಗೆ 5000 ಪಿಎಸ್‌ಐ, ಒತ್ತಡ ಕೊಡುತ್ತಾರೆ. ಸಿಲಿಂಡರ್ ಸ್ವಲ್ಪ ಹಿಗ್ಗುತ್ತದೆ. ಒತ್ತಡ ಇಳಿಸಿದ ಮೇಲೆ ಹಳೆಯ ಗಾತ್ರಕ್ಕೆ ಮರಳಬೇಕು. ಮರಳದೆ ಉಳಿದ ಹಿಗ್ಗು ಒಟ್ಟು ಹಿಗ್ಗಿನ ಶೇ. 10ನ್ನು ದಾಟಿದರೆ ಫೇಲ್. ಗೋಡೆಯ ಲೋಹ ತನ್ನ ಕಸುವು ಉಳಿಸಿಕೊಂಡಿದೆಯೇ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಆದರೆ ಕತ್ತು ದಪ್ಪನೆಯ ಭಾಗ, ಅಲ್ಲಿನ ಸಣ್ಣ ಬಿರುಕಿನಿಂದ ಒಟ್ಟು ಹಿಗ್ಗಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಬಿರುಕಿರುವ ಸಿಲಿಂಡರ್ ಬೆಳಿಗ್ಗೆ ಹೈಡ್ರೋ ಪಾಸಾಗಿ ಮುಂದಿನ ವರ್ಷಗಳಲ್ಲಿ ಬಿರುಕನ್ನು ಬೆಳೆಸುತ್ತಾ ಹೋಗಬಹುದು. ಹೀಗಾಗಿಯೇ ಅಮೆರಿಕದಲ್ಲಿ 2007ರಿಂದ 6351ರ ಸ್ಕೂಬಾ ಸಿಲಿಂಡರುಗಳಿಗೆ ಐದು ವರ್ಷಕ್ಕೊಮ್ಮೆ ಹೈಡ್ರೋ ಜೊತೆಗೆ ಎಡ್ಡಿ ಕರೆಂಟ್ ಪರೀಕ್ಷೆಯೂ ಕಡ್ಡಾಯವಾಯಿತು. ಥ್ರೆಡ್ಡಿನೊಳಗೆ ತಿರುಗುವ ಒಂದು ಪ್ರೋಬ್ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಬಿರುಕು ಅಡ್ಡ ಬಂದಲ್ಲಿ ಸಂಕೇತ ಕದಲುತ್ತದೆ. ಪಾಸಾದವಕ್ಕೆ ವಿಇ ಎಂಬ ಮುದ್ರೆ ಹಾಕುತ್ತಾರೆ. ಅಲ್ಲಿಯೂ ಎಷ್ಟೋ ಡೈವ್ ಅಂಗಡಿಗಳವರು ಆ ಮುದ್ರೆ ಇದ್ದರೂ 6351ನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಸಿಎನ್‌ಜಿ ಸಿಲಿಂಡರ್ ಪರೀಕ್ಷಿಸುವ ಕೇಂದ್ರಗಳಲ್ಲಿ ಹೈಡ್ರೋ ಯಂತ್ರ ಇರುತ್ತದೆ. ಅಲ್ಲಿಂದ ‘ಓಕೆ’ ಎಂದು ಬಂದ ಕಾಗದ ನಿಮ್ಮ 1984ರ ಸಿಲಿಂಡರಿನ ಕತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ.

ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಸಿಲಿಂಡರ್ ಸಿಡಿಯುವ ಸಂಭವ ಹೆಚ್ಚಿರುವುದು ಸಮುದ್ರದಲ್ಲಿ ನಿಮ್ಮ ಬೆನ್ನ ಮೇಲಿದ್ದಾಗ ಅಲ್ಲ, ಒತ್ತಡ ಏರುತ್ತಿರುವಾಗ, ಕಂಪ್ರೆಸರ್ ಪಕ್ಕದಲ್ಲಿ. ಅಲ್ಲಿ ನಿಂತಿರುವವನು ಸೀಸನ್ ಪೂರ್ತಿ ದಿನಕ್ಕೆ ಹತ್ತಾರು ಸಿಲಿಂಡರ್ ತುಂಬುವ, ನಿಮ್ಮ ಸಿಲಿಂಡರಿನ ಇತಿಹಾಸ ಗೊತ್ತಿಲ್ಲದ ಒಬ್ಬ ಹುಡುಗ. 11 ಲೀಟರಿನ ಸಿಲಿಂಡರಿನಲ್ಲಿ 207 ಬಾರ್ ಗಾಳಿ ಇದ್ದಾಗ ಅದು ಒಮ್ಮೆಗೇ ಬಿಡುಗಡೆಯಾದರೆ ಹೊಮ್ಮುವ ಶಕ್ತಿ, ಕಡಿಮೆ ಎಂದರೂ, ಒಂದು ಟನ್ ತೂಕದ ಕಾರು ಗಂಟೆಗೆ ನೂರು ಕಿಲೋಮೀಟರಿಗಿಂತ ಜೋರಾಗಿ ಬಂದು ಗುದ್ದಿದಷ್ಟು. ಸೋದರಮಾವನ ನೆನಪು ಎಂಬ ಪ್ರೀತಿ ನನಗೂ ಅರ್ಥವಾಗುತ್ತದೆ. ಆದರೆ ಆ ಪ್ರೀತಿಯ ಅಪಾಯವನ್ನು ಇನ್ನೊಬ್ಬರ ಮನೆಯ ಮಗನ ಮೇಲೆ ಹೊರಿಸಬಾರದು. ‘ವಾಲ್ವಿನಲ್ಲಿ ಬರ್ಸ್ಟ್ ಡಿಸ್ಕ್ ಇದೆಯಲ್ಲ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಆ ತೆಳು ತಾಮ್ರದ ಬಿಲ್ಲೆ ಹರಿಯುವುದು ಒತ್ತಡ ಮಿತಿ ಮೀರಿದಾಗ. ಬಿರುಕುಬಿಟ್ಟ ಕತ್ತು ಮಾಮೂಲಿ ಒತ್ತಡದಲ್ಲೇ ಸಿಡಿಯುತ್ತದೆ, ಬಿಲ್ಲೆಗೆ ಅದು ಗೊತ್ತಾಗುವುದೇ ಇಲ್ಲ.

ಅಟ್ಟದಲ್ಲಿರುವ ಸಿಲಿಂಡರಿನ ಗಾಳಿಯನ್ನು ಮೊದಲು ಖಾಲಿ ಮಾಡಿ. ಸಿಲಿಂಡರನ್ನು ಬೀಳಿಸದೆ, ತಟ್ಟದೆ ಕೆಳಗಿಳಿಸಿ ಮನೆಯ ಹೊರಗೆ, ಮಕ್ಕಳಿಲ್ಲದ ಬಯಲಲ್ಲಿ ಭದ್ರವಾಗಿ ನಿಲ್ಲಿಸಿ. ವಾಲ್ವಿನ ಬಾಯಿ ಯಾರ ಕಡೆಗೂ ತಿರುಗಿರಬಾರದು. ಸಣ್ಣಗೆ ಸುಯ್ ಎನ್ನುವಷ್ಟೇ ತೆರೆದು ನಿಧಾನವಾಗಿ ಬಿಡಿ. ಜೋರಾಗಿ ಬಿಟ್ಟರೆ ವಾಲ್ವ್ ಮಂಜುಗಟ್ಟುವಷ್ಟು ತಣ್ಣಗಾಗಿ ಒಳಗೆ ತೇವ ಕೂರುತ್ತದೆ. ಆ ಗಾಳಿಯನ್ನು ಉಸಿರಾಡಿ ನೋಡುವ ಯೋಚನೆ ಬೇಡ. ಇನ್ನೊಂದು ಸೂಕ್ಷ್ಮವಿದೆ. ವಾಲ್ವ್ ತೆರೆದಾಗ ಏನೂ ಬರಲಿಲ್ಲ ಎಂದ ಮಾತ್ರಕ್ಕೆ ಸಿಲಿಂಡರ್ ಖಾಲಿ ಎಂದಲ್ಲ. ವಾಲ್ವಿನ ಕೆಳಗಿನ ಸಣ್ಣ ಕೊಳವೆ ಬಿಳಿ ಪುಡಿಯಿಂದ ಕಟ್ಟಿಕೊಂಡಿದ್ದರೆ ಒಳಗೆ ಪೂರ್ತಿ ಒತ್ತಡ ಇದ್ದೀತು. ಅಂಥ ವಾಲ್ವಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಗಾಳಿ ಹೊರಬಂದು ನಿಂತದ್ದನ್ನು ಕಿವಿಯಾರೆ ಕೇಳಿರದಿದ್ದರೆ ವಾಲ್ವ್ ಬಿಚ್ಚುವ ಕೆಲಸವನ್ನು ಸಿಲಿಂಡರ್ ಪರೀಕ್ಷೆ ಮಾಡುವವರಿಗೇ ಬಿಡಿ. ಪೀಣ್ಯದ ಗೆಳೆಯ ಎಷ್ಟೇ ಒಳ್ಳೆಯ ಕೆಲಸಗಾರನಾಗಿದ್ದರೂ ಇದು ಅವನ ಕೆಲಸವಲ್ಲ.

ಪೌಡರ್ ಕೋಟಿಂಗ್ ಯಾಕೆ ಬೇಡ ಎಂದರೆ, ಈ ಅಲ್ಯೂಮಿನಿಯಂ ತನ್ನ ಬಲ ಪಡೆದಿರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಶಾಖದಿಂದ. ಕೋಟಿಂಗ್ ಒಲೆಯ ಬಿಸಿ ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಮೇಲೆ. ಅಮೆರಿಕದ ನಿಯಮದ ಪ್ರಕಾರ 177 ಡಿಗ್ರಿ ದಾಟಿ ಕಾದ 3ಎಎಲ್ ಸಿಲಿಂಡರನ್ನು ರದ್ದು ಮಾಡಲೇಬೇಕು. ಮೇಲ್ನೋಟಕ್ಕೆ ಹೊಸದಾಗಿ ಫಳಫಳ ಹೊಳೆಯುತ್ತದೆ, ಒಳಗೆ ಲೋಹ ಮೆತ್ತಗಾಗಿರುತ್ತದೆ. ಗ್ರೈಂಡರ್ ಹಿಡಿದು ಗೀರು ತೆಗೆಯುವುದೂ ಹಾಗೆಯೇ, ಗೋಡೆಯ ದಪ್ಪ ಹೋಗುತ್ತದೆ. ಬಣ್ಣ ಬೇಕೇ ಬೇಕೆಂದರೆ 1991ರದ್ದಕ್ಕೆ ಕೈಯಲ್ಲಿ ಹಚ್ಚಿ ಗಾಳಿಯಲ್ಲಿ ಒಣಗುವ ಪೇಂಟ್ ಸಾಕು, ಅದೂ ಪರೀಕ್ಷೆ ಮುಗಿದ ಮೇಲೆ, ಭುಜದ ಅಕ್ಷರಗಳು ಮುಚ್ಚಿಹೋಗದಂತೆ.

1991ರ ಸಿಲಿಂಡರಿಗೆ ಬರೋಣ. ಡಿಒಟಿ ಮುದ್ರೆಯ ಅಮೆರಿಕದ ಲಕ್ಸ್‌ಫರ್ ಆದ್ದರಿಂದ ಅದು 6061. ಮೇಲೆ ಹೇಳಿದ ಬಿರುಕಿನ ರೋಗ ಅದಕ್ಕಿಲ್ಲ. ಹಾಗೆಂದು ಮೂವತ್ತು ವರ್ಷಕ್ಕೂ ಮೇಲೆ ಮಲಗಿದ್ದ ಸಿಲಿಂಡರನ್ನು ನೇರ ಕಂಪ್ರೆಸರಿಗೆ ಒಯ್ಯಲಾಗದು. ಮೊದಲು ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡಬೇಕು. ಅಲ್ಯೂಮಿನಿಯಂ ಸ್ಟೀಲಿನಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ; ತೆಳು ಬೂದು ಪೊರೆ ಕಟ್ಟಿ ಅದೇ ಲೋಹವನ್ನು ಕಾಯುತ್ತದೆ. ಆದರೆ ಉಪ್ಪುನೀರು ಒಳಹೊಕ್ಕಿದ್ದರೆ ಬಿಳಿ ಪುಡಿ, ಅದರಡಿ ಗುಳಿಗಳು ಕಾಣಿಸುತ್ತವೆ. ಹಿತ್ತಾಳೆಯ ವಾಲ್ವ್ ಮತ್ತು ಅಲ್ಯೂಮಿನಿಯಂ ಕತ್ತು ಒಂದಕ್ಕೊಂದು ಅಂಟಿಕೊಂಡು, ನಡುವೆ ತೇವ ಸೇರಿ, ಎಷ್ಟೋ ವರ್ಷ ಬಿಚ್ಚದೆ ಬಿಟ್ಟರೆ ಥ್ರೆಡ್ಡುಗಳು ಒಂದಾಗಿಬಿಡುತ್ತವೆ; ಬಲವಂತ ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬರುತ್ತದೆ. ಹಾಗೆ ಕಿತ್ತ ಕತ್ತಿಗೆ ಹೊಸ ಥ್ರೆಡ್ ಕೊರೆಸುವ, ಬುಶ್ ಹಾಕಿಸುವ ರಿಪೇರಿ ಮಾಡಿಸಲೇಬೇಡಿ. ಪ್ರತಿವರ್ಷ ವಾಲ್ವ್ ಬಿಚ್ಚಿ ಒಳಗೆ ನೋಡುವ ಪದ್ಧತಿಯಿಂದ ಇದೂ ತಪ್ಪುತ್ತದೆ. ಒಳನೋಟ ಪಾಸಾದರೆ ಹೈಡ್ರೋ. ಅದೂ ಆದರೆ ವಾಲ್ವಿನ ಓ-ರಿಂಗ್, ಸೀಟು, ಬರ್ಸ್ಟ್ ಡಿಸ್ಕ್ ಎಲ್ಲವನ್ನೂ ಹೊಸದು ಹಾಕಿಸಿ.

ಇನ್ನು ಕಾನೂನು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1884ರ ಸ್ಫೋಟಕ ಕಾಯ್ದೆಯಡಿ ರೂಪಿಸಿದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ನಮ್ಮ ದೇಶದಲ್ಲಿ ಇಂಥ ಎಲ್ಲ ಸಿಲಿಂಡರಿಗೂ ಅನ್ವಯಿಸುತ್ತವೆ. ಅವನ್ನು ಜಾರಿ ಮಾಡುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಸಿಲಿಂಡರಿನ ಮಾದರಿಗೆ ಅವರ ಒಪ್ಪಿಗೆ ಬೇಕು, ಹೊರದೇಶದಿಂದ ತರಲು ಅನುಮತಿ ಬೇಕು, ಪರೀಕ್ಷೆ ಅವರು ಮಾನ್ಯ ಮಾಡಿದ ಕೇಂದ್ರದಲ್ಲೇ ಆಗಬೇಕು, ತುಂಬುವ ಜಾಗಕ್ಕೂ ಪರವಾನಗಿ ಬೇಕು. ಸೋದರಮಾವನವರ ಸಾಮಾನಿನ ಜೊತೆ ಬಂದ ಸಿಲಿಂಡರಿಗೆ ಇದಾವುದರ ಕಾಗದವೂ ಇರಲಿಕ್ಕಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮುಂಚೆ ಭುಜದ ಅಕ್ಷರಗಳ ಸ್ಪಷ್ಟ ಫೋಟೋ ತೆಗೆದು, ಪೆಸೊ ಮಾನ್ಯತೆ ಇರುವ ಪರೀಕ್ಷಾ ಕೇಂದ್ರಕ್ಕೆ ತೋರಿಸಿ, ಈ ಸಿಲಿಂಡರನ್ನು ಸ್ವೀಕರಿಸುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ.

ತುಂಬಿಸುವುದು ಎಲ್ಲಿ ಎಂಬುದಕ್ಕೆ, ಎಲ್ಲಿ ಬಾರದು ಎಂಬುದನ್ನೇ ಮೊದಲು ಹೇಳುತ್ತೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಆಸುಪಾಸಿನದು, ಅದರ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ. ಆಕ್ಸಿಜನ್ ರೀಫಿಲ್ಲಿಂಗ್ ಮಾಡುವ ಕಡೆ ಒಯ್ಯುವುದಂತೂ ಪ್ರಾಣಕ್ಕೆ ಸಂಚಕಾರ. ಒಳಗಿನ ಎಣ್ಣೆಯ ಪಸೆ ಒತ್ತಡದ ಶುದ್ಧ ಆಕ್ಸಿಜನ್ನಿನಲ್ಲಿ ತಾನೇ ಹೊತ್ತಿಕೊಳ್ಳಬಹುದು. ಬೆಂಕಿ ಹೊತ್ತಿಕೊಳ್ಳದಿದ್ದರೂ ಶುದ್ಧ ಆಕ್ಸಿಜನ್ ಉಸಿರಾಡುತ್ತಾ ಆರು ಮೀಟರಿಗಿಂತ ಕೆಳಗಿಳಿದರೆ ನೀರೊಳಗೇ ಫಿಟ್ಸ್ ಬರುವ ಅಪಾಯವಿದೆ. ಬೇಕಾದದ್ದು ಉಸಿರಾಟದ ಗಾಳಿಗೆಂದೇ ಇರುವ ಹೈಪ್ರೆಶರ್ ಕಂಪ್ರೆಸರ್. ಅದರ ಫಿಲ್ಟರ್ ಯಾವಾಗ ಬದಲಾಯಿಸಿದ್ದು, ಗಾಳಿಯ ಪರೀಕ್ಷೆ ಯಾವಾಗ ಆಗಿದ್ದು ಎಂದು ಕೇಳಲು ಸಂಕೋಚ ಬೇಡ. ಯುರೋಪಿನ ಇಎನ್ 12021 ಮಾನದಂಡದಲ್ಲಿ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 5ನ್ನು ಮೀರಬಾರದು, ಎಣ್ಣೆ ಒಂದು ಘನ ಮೀಟರ್ ಗಾಳಿಗೆ 0.5 ಮಿಲಿಗ್ರಾಂ ದಾಟಬಾರದು. ನಮ್ಮ ಬೆಂಗಳೂರಿಗೆ ಇದು ಮುಖ್ಯವಾದ ಮಾತು. ಗಾಳಿ ಎಳೆಯುವ ಪೈಪಿನ ಬಾಯಿ ಟ್ರಾಫಿಕ್ ರಸ್ತೆಯ ಕಡೆಗೋ ಡೀಸೆಲ್ ಜನರೇಟರ್ ಪಕ್ಕದಲ್ಲೋ ಇದ್ದರೆ ಹೊಗೆ ನೇರ ಸಿಲಿಂಡರಿಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗುವುದರಿಂದ ಅದರ ಪರಿಣಾಮವೂ ಅಷ್ಟೇ ಪಟ್ಟು.

ತುಂಬುವವರಿಗೆ ಒಂದೆರಡು ಮಾತು. ಹಳೆಯ ಸಿಲಿಂಡರನ್ನು ಅವಸರದಲ್ಲಿ ತುಂಬಬಾರದು, ನಿಮಿಷಕ್ಕೆ 20ರಿಂದ 40 ಬಾರ್ ಸಾಕು. ಜೋರಾಗಿ ತುಂಬಿದರೆ ಬಿಸಿಯಾಗಿ 207 ತೋರಿಸುತ್ತದೆ, ತಣ್ಣಗಾದ ಮೇಲೆ 180-190ಕ್ಕೆ ಇಳಿದಿರುತ್ತದೆ. ಜೋಡಿಸುವ ಮೊದಲು ವಾಲ್ವನ್ನು ಅರೆಕ್ಷಣ ತೆರೆದು ಬಾಯಲ್ಲಿರುವ ನೀರು ಹಾರಿಸಬೇಕು, ಇಲ್ಲವಾದರೆ ಆ ಹನಿಯೇ ಒಳಗೆ ಹೋಗಿ ಗುಳಿ ಮಾಡುತ್ತದೆ. ನಿಮ್ಮ ವಾಲ್ವಿಗೆ ಪಕ್ಕದಲ್ಲಿ ಎಳೆಯುವ ಕಂಬಿಯಿದ್ದರೆ ಅದು ಹಳೆಯ ರಿಸರ್ವ್ ವಾಲ್ವ್, ಕೊನೆಯ ಸ್ವಲ್ಪ ಗಾಳಿಯನ್ನು ತಡೆದಿಟ್ಟು ಕಂಬಿ ಎಳೆದಾಗ ಬಿಡುವಂಥದ್ದು. ತುಂಬುವಾಗ ಕಂಬಿ ಕೆಳಗಿರಬೇಕು, ನೀರಿಗಿಳಿಯುವಾಗ ಮೇಲಿರಬೇಕು. ಪ್ರೆಶರ್ ಗೇಜ್ ಇರುವ ಕಾಲದಲ್ಲಿ ಅದನ್ನು ತೆಗೆಸಿ ಸಾದಾ ವಾಲ್ವ್ ಹಾಕಿಸುವುದೇ ಲೇಸು.

ಎಲ್ಲ ಸರಿಹೋಗಿ ನೀರಿಗೆ ಒಯ್ದಿರಿ ಎನ್ನಿ. ಈ ಗಾತ್ರದ ಅಲ್ಯೂಮಿನಿಯಂ ಸಿಲಿಂಡರ್ ತುಂಬಿದಾಗ ನೀರಿನಲ್ಲಿ ಮುಳುಗುತ್ತದೆ, ಗಾಳಿ ಮುಗಿಯುತ್ತಾ ಬಂದಂತೆ ತೇಲಲು ಹಾತೊರೆಯುತ್ತದೆ. ಒಳಗಿನ ಗಾಳಿಯ ತೂಕವೇ ಎರಡೂವರೆ ಕಿಲೋಗಿಂತ ಹೆಚ್ಚು. ಅದು ಖಾಲಿಯಾದಾಗ ಸಿಲಿಂಡರ್ ನಿಮ್ಮನ್ನು ಎರಡು ಕಿಲೋದಷ್ಟು ಮೇಲಕ್ಕೆ ಎಳೆಯುತ್ತದೆ. ಐದು ಮೀಟರಿನಲ್ಲಿ ಸೇಫ್ಟಿ ಸ್ಟಾಪ್ ಮಾಡಲು, ಅಂದರೆ ಮೇಲೆ ಬರುವ ಮುನ್ನ ಕೆಲವು ನಿಮಿಷ ನಿಲ್ಲಲು, ಒದ್ದಾಡುವ ಹೊಸಬರಲ್ಲಿ ಬಹಳ ಮಂದಿಯ ತೊಂದರೆ ಇದೇ. ಸೊಂಟದ ತೂಕವನ್ನು ಖಾಲಿ ಸಿಲಿಂಡರಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಿ. ಪೂರ್ತಿ ಖಾಲಿ ಮಾಡಿಕೊಂಡು ಬರಬೇಡಿ. ಒತ್ತಡ ಉಳಿದಿರುವ ತನಕ ಸಮುದ್ರದ ನೀರು ಒಳಗೆ ಹೋಗಲಾರದು.

ಬೆಂಗಳೂರಿನಿಂದ ಮುರುಡೇಶ್ವರಕ್ಕೆ ಸುಮಾರು 500 ಕಿಲೋಮೀಟರ್. ತುಂಬಿದ ಸಿಲಿಂಡರನ್ನು ರೈಲಿನಲ್ಲೋ ಬಸ್ಸಿನ ಡಿಕ್ಕಿಯಲ್ಲೋ ಒಯ್ಯಬೇಡಿ. ಸ್ವಂತ ಕಾರಿನಲ್ಲಾದರೆ ಅಡ್ಡಡ್ಡ ಮಲಗಿಸಿ, ಉರುಳದಂತೆ ಕಟ್ಟಿ, ವಾಲ್ವಿಗೆ ಏಟು ಬೀಳದಂತೆ ನೋಡಿಕೊಳ್ಳಿ. 25 ಡಿಗ್ರಿಯಲ್ಲಿ 207 ಬಾರ್ ಇದ್ದದ್ದು ಬಿಸಿಲಲ್ಲಿ ನಿಲ್ಲಿಸಿದ ಡಿಕ್ಕಿಯ 55 ಡಿಗ್ರಿಯಲ್ಲಿ 228ರ ಹತ್ತಿರ ಹೋಗುತ್ತದೆ. ಇನ್ನೊಂದು ಮಾತು, ಸಿಲಿಂಡರಿಗೆ ಸಂಬಂಧವಿಲ್ಲದಿದ್ದರೂ ನಿಮಗೆ ಸಂಬಂಧಿಸಿದ್ದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಭಾನುವಾರ ಮಧ್ಯಾಹ್ನ ಡೈವ್ ಮಾಡಿ ರಾತ್ರಿಯೇ ಘಾಟಿ ಹತ್ತಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗುವ ನಮ್ಮವರ ಅಭ್ಯಾಸ ಅಪಾಯಕಾರಿ; ಡೈವ್‌ನಲ್ಲಿ ಮೈಯಲ್ಲಿ ಕರಗಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆಗಳಾಗಬಹುದು. ಡೈವ್ ನಂತರ 600 ಮೀಟರಿಗಿಂತ ಎತ್ತರಕ್ಕೆ ಏರುವ ಮೊದಲು, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯುವುದು ವಿಮಾನಯಾನಕ್ಕೆ ಹೇಳುವ ನಿಯಮ. ಘಾಟಿಯ ರಸ್ತೆಗೂ ಅದನ್ನೇ ಪಾಲಿಸಿ.

ಮನೆಯಲ್ಲಿಡುವಾಗ ಸಿಲಿಂಡರನ್ನು ತುಂಬಿಡಬೇಡಿ. 15-20 ಬಾರ್ ಬಿಟ್ಟು, ನೆಟ್ಟಗೆ ನಿಲ್ಲಿಸಿ, ಬೀಳದಂತೆ ಕಟ್ಟಿ ತಂಪಾದ ಜಾಗದಲ್ಲಿಡಿ. ಅರ್ಧ ತುಂಬಿಡುವುದೂ ಒಳ್ಳೆಯದಲ್ಲ. ಬೆಂಕಿ ಅನಾಹುತವಾದರೆ ಒತ್ತಡ ಬರ್ಸ್ಟ್ ಡಿಸ್ಕ್ ಹರಿಯುವಷ್ಟು ಏರುವ ಮೊದಲೇ ಅಲ್ಯೂಮಿನಿಯಂ ಮೆತ್ತಗಾಗಿ ಸಿಡಿಯಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಬೆಂಗಳೂರಿನಲ್ಲಿದ್ದು ವರ್ಷಕ್ಕೆ ಕೆಲವೇ ಸಲ ಡೈವ್ ಮಾಡುವವರಿಗೆ ಸ್ವಂತ ಸಿಲಿಂಡರ್ ಬೇಕಿಲ್ಲ. ಮುರುಡೇಶ್ವರದಲ್ಲಿ ಡೈವ್ ಮಾಡಿಸುವವರೇ ಸಿಲಿಂಡರ್, ತೂಕ ಕೊಡುತ್ತಾರೆ. ಅಲ್ಲಿಯೂ ಕೈಗೆ ಬಂದ ಸಿಲಿಂಡರಿನ ಭುಜ ಓದುವ ರೂಢಿ ಮಾಡಿಕೊಳ್ಳಿ. 1991ರದ್ದಕ್ಕೆ ಸುರಿಯುವ ಹಣವನ್ನು ನಿಮ್ಮ ಅಳತೆಯ ಮಾಸ್ಕ್, ಒಳ್ಳೆಯ ರೆಗ್ಯುಲೇಟರ್, ಡೈವ್ ಕಂಪ್ಯೂಟರ್ ಮೇಲೆ ಹಾಕಿದರೆ ಅದು ಪ್ರತಿ ಡೈವಿಗೂ ಕೆಲಸಕ್ಕೆ ಬರುತ್ತದೆ.

1984ರ ಸಿಲಿಂಡರನ್ನು ಗುಜರಿಗೆ ಇದ್ದಂತೆಯೇ ಕೊಡಬೇಡಿ. ಕಲಾಸಿಪಾಳ್ಯದಲ್ಲಿ ಅದನ್ನು ಕೊಂಡವರು ಪೇಂಟ್ ಸ್ಪ್ರೇಗೋ ಏರ್‌ಗನ್ನಿಗೋ ಮತ್ತೆ ತುಂಬಿಸಿಯಾರು. ಗಾಳಿ ಖಾಲಿ ಮಾಡಿಸಿ, ಪರಿಣತರಿಂದ ವಾಲ್ವ್ ತೆಗೆಸಿ, ಆಮೇಲೆ ಗೋಡೆಯಲ್ಲಿ ತೂತು ಕೊರೆಸಿ ಅಥವಾ ಎರಡು ಹೋಳು ಮಾಡಿಸಿ. ಪೀಣ್ಯದ ಗೆಳೆಯನಿಗೆ ತಕ್ಕ ಕೆಲಸ ಇದು. ತಳ ಕತ್ತರಿಸಿ ಕತ್ತಿನಿಂದ ತೂಗುಹಾಕಿದರೆ ಒಳ್ಳೆಯ ನಾದದ ಗಂಟೆಯಾಗುತ್ತದೆ. ಅನೇಕ ದೇಶಗಳ ಡೈವರುಗಳು ಹಾಗೆ ಮಾಡಿಕೊಂಡಿದ್ದಾರೆ. ಸೋದರಮಾವನವರ ವಸ್ತು ಮನೆಯಲ್ಲೇ ಉಳಿಯಬೇಕೆಂದರೆ ಅದೊಂದು ದಾರಿ. ವಾಲ್ವ್ ಹೊರಗೆ ಬಂದು, ಒಳಗಿನ ಬೆಳಕು ಕಣ್ಣಿಗೆ ಕಂಡ ಮೇಲೆಯೇ ಗರಗಸ ಮುಟ್ಟಬೇಕು.